ಕವುಚಿಟ್ಟ ಲೋಟಗಳು

ನನ್ನ ಮೊಮ್ಮಗಳು ಸ್ನೇಹಲ್‌ಗೆ ಕೆಲಸ ಸಿಕ್ಕಿತು! ಇವತ್ತು ಬೆಳಿಗ್ಗೆ ಹತ್ತೂವರೆಗೆ ಕಾಗದ ಬಂತು. ಛತ್ರಪತಿ ಸಂಭಾಜಿನಗರದ ಒಂದು ವೃದ್ಧಾಶ್ರಮಕ್ಕೆ ನರ್ಸ್. ಇಪ್ಪತ್ತೆರಡು ಮಂಚದ ಆ ಆಶ್ರಮಕ್ಕೆ ಇದುವರೆಗೆ ನರ್ಸ್ ಅಂತ ಯಾರೂ ಇರಲಿಲ್ಲ, ಇವಳೇ ಮೊದಲನೆಯವಳು. ನಮ್ಮ ಮನೆತನದಲ್ಲಿ ಹೋಟೆಲಿನ ಬಾಗಿಲು ದಾಟಿ ಬೇರೆ ಕೆಲಸಕ್ಕೆ ಹೊರಟವಳೂ ಇವಳೇ ಮೊದಲು. ನಾನು ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಪೇಡೆಯ ಡಬ್ಬಿ ಹಿಡಿದು ಇಡೀ ಕಟ್ಟಡದ ಮೆಟ್ಟಿಲು ಹತ್ತಿ ಇಳಿದೆ. ಮೊಣಕಾಲು ನೋವು ಅಂತ ದೇವಸ್ಥಾನದ ನಾಲ್ಕು ಮೆಟ್ಟಿಲಿಗೆ ಕೈಮುಗಿದು ವಾಪಸು ಬರುವ ನಾನು!

ಮೂರನೇ ಮಹಡಿಯ ಕುಲಕರ್ಣಿ ವಹಿನಿ ಪೇಡೆ ಬಾಯಿಗೆ ಹಾಕಿಕೊಂಡು, "ಶೀನಣ್ಣಾ, ದೊಡ್ಡ ಆಸ್ಪತ್ರೆ ಬಿಟ್ಟು ಮುದುಕರ ಸೇವೆಗೆ ಹೊರಟಳಲ್ಲ, ಇದೆಲ್ಲ ಅಜ್ಜನ ಸಂಸ್ಕಾರ ಹಾ!" ಅಂದರು. ನಾನು ಹೂಂ ಅಂದೆ. ಹೂಂ ಅಂದವನಿಗೆ ಮುಂದಿನ ಮೆಟ್ಟಿಲು ಹತ್ತಲು ಆಗಲಿಲ್ಲ. ಅಲ್ಲೇ ಮೆಟ್ಟಿಲಿನ ಕಂಬಿ ಹಿಡಿದು ಕೂತುಬಿಟ್ಟೆ.

ಯಾಕೆಂದರೆ ಅವಳು ಆ ಆಶ್ರಮವನ್ನೇ ಯಾಕೆ ಆರಿಸಿಕೊಂಡಳು ಅಂತ ನನಗೆ ಗೊತ್ತು. ಅದು ಅಜ್ಜನ ಸಂಸ್ಕಾರ ಅಲ್ಲ. ಅಜ್ಜನ ತಪ್ಪು. ಎರಡು ವರ್ಷದ ಹಿಂದಿನ ಶ್ರಾವಣದಲ್ಲಿ ಆದದ್ದು. ಮನೆಯವರು, ನಮ್ಮ ಕನ್ನಡ ಮಂಡಳಿಯವರು ಬಿಟ್ಟರೆ ಹೊರಗೆ ಯಾರಿಗೂ ಹೇಳಿಲ್ಲ. ಇವತ್ತು ಸಂತೋಷ ಹೆಚ್ಚಾಗಿ ಹೊಟ್ಟೆಯಲ್ಲಿ ಜಾಗ ಸಾಲುತ್ತಿಲ್ಲ, ಅದರ ಜೊತೆಗೆ ಇದೂ ಹೊರಗೆ ಬರುತ್ತಿದೆ. ಬರೆದೇ ಬಿಡುತ್ತೇನೆ. ನಾಲ್ಕನೇ ಕ್ಲಾಸು ಓದಿದವನ ಬರಹ, ತಪ್ಪಿದ್ದರೆ ತಿದ್ದಿಕೊಳ್ಳಿ.

ನಾನು ಕುಂದಾಪುರದ ಕಡೆಯವನು. ನಾಸಿಕಕ್ಕೆ ಬಂದು ನಲವತ್ತು ವರ್ಷ ದಾಟಿತು. ಲೋಟ ತೊಳೆದೆ, ಸಪ್ಲೈಯರ್ ಆದೆ, ಕೊನೆಗೆ ದ್ವಾರಕಾ ಸರ್ಕಲ್ಲಿನ ಹತ್ತಿರ ಸ್ವಂತದ ಒಂದು ಸಣ್ಣ ಹೋಟೆಲು ಹಾಕಿದೆ. ಈಗ ಮಗ ಗಣೇಶ ನೋಡಿಕೊಳ್ಳುತ್ತಾನೆ. ಮಗ ಗಲ್ಲಾಪೆಟ್ಟಿಗೆಯ ಮುಂದೆ ಕೂತ ಮೇಲೆ ನಾನು ನಮ್ಮ ಕನ್ನಡ ಮಂಡಳಿಯ ಹಿರಿಯ ಸದಸ್ಯ. ಮಂಡಳಿಯ ಹೋಟೆಲಿನವರೆಲ್ಲ ಸೇರಿ ಸಂಭಾಜಿನಗರದ ಆ ಆಶ್ರಮಕ್ಕೆ ವರ್ಷವರ್ಷ ಅಕ್ಕಿ, ಬೇಳೆ, ಎಣ್ಣೆ ಕಳಿಸುತ್ತಿದ್ದೆವು. ಕಳಿಸುವ ಮೊದಲು ಇಬ್ಬರು ಹೋಗಿ ಆಶ್ರಮ ಹೇಗೆ ನಡೆಯುತ್ತಿದೆ ಅಂತ ನೋಡಿ, ಒಂದು ಫಾರ್ಮು ತುಂಬಿ, ಸಹಿ ಹಾಕಿ ಬರಬೇಕು. ಆ ವರ್ಷ ಆಯ್ಕೆಯಾದವರು ಕಟ್ಟಿ ಸಾಹೇಬರು ಮತ್ತು ನಾನು. ಕಟ್ಟಿಯವರು ಧಾರವಾಡದವರು, ಓಝರಿನ ವಿಮಾನ ಕಾರ್ಖಾನೆಯಿಂದ ರಿಟೈರ್ ಆದ ಇಂಜಿನಿಯರು. ಜೇಬಿನಲ್ಲಿ ಮೂರು ಬಣ್ಣದ ಪೆನ್ನು ಇಟ್ಟುಕೊಂಡು ಓಡಾಡುವ ಮನುಷ್ಯ.

"ಶೀನಣ್ಣಾರ, ಬರಿಯೋದು ನಂದು, ನೋಡೋದು ನಿಮ್ದು" ಅಂದರು ಕಾರಿನಲ್ಲಿ. "ಅಡಿಗಿ, ಸ್ವಚ್ಛತಾ ಅಂದ್ರ ನಿಮ್ಮ ಕಣ್ಣಿಗಿಂತ ದೊಡ್ಡ ಮೀಟರ್ ಯಾವ್ದೈತ್ರಿ?"

ನನಗೂ ಹಾಗೇ ಅನಿಸಿತ್ತು. ಹೆಮ್ಮೆ. ಸುಳ್ಳು ಯಾಕೆ ಹೇಳಲಿ.

ನಾಸಿಕದಲ್ಲಿ ಆ ವಾರ ಜೋರು ಮಳೆ. ಗೋದಾವರಿ ಘಾಟಿನ ಮಾರುತಿ ವಿಗ್ರಹದ ಸೊಂಟದವರೆಗೆ ಬಂದಿದ್ದಳು, ಜನ ಸೇತುವೆಯ ಮೇಲೆ ನಿಂತು ಫೋಟೊ ತೆಗೆಯುತ್ತಿದ್ದರು. ಯೇವಲಾ ದಾಟಿದ ಮೇಲೆ ಮಳೆ ನಿಂತಿತು. ವೈಜಾಪುರ ದಾಟಿದ ಮೇಲೆ ಮೋಡವೂ ಇಲ್ಲ. ಮೆಕ್ಕೆಜೋಳ ಬಾಡಿಕೊಂಡು ನಿಂತಿತ್ತು. ಸಂಭಾಜಿನಗರ ಮುಟ್ಟುವಾಗ ಶ್ರಾವಣ ಅಂತ ಯಾರೂ ಹೇಳದ ಹಾಗೆ ಸೆಕೆ.

ಅದು ಗುರುವಾರ. ನಾವು ಬರುವುದು ಅವರಿಗೆ ಗೊತ್ತಿತ್ತು. ಬಾಗಿಲಲ್ಲಿ ರಂಗೋಲಿ. ಆಶ್ರಮದ ಮೇಡಂ ಒಳ್ಳೆಯ ಹೆಂಗಸು, ಮೃದು ಮಾತು, "ಕಾಕಾ, ಮೊದಲು ಪಾಣಿ ಘ್ಯಾ" ಅಂತ ತಣ್ಣಗಿನ ನೀರು ಕೊಟ್ಟಳು. ನಾನು ಎರಡು ಲೋಟ ಕುಡಿದೆ. ಅದು ಚೆನ್ನಾಗಿ ನೆನಪಿದೆ, ಎರಡು ಲೋಟ.

ಕಟ್ಟಿಯವರು ಆಫೀಸಿನಲ್ಲಿ ಕೂತು ಫಾರ್ಮು ತುಂಬತೊಡಗಿದರು. ನಾನು ಹಾಲ್ ನೋಡಲು ಹೋದೆ. ಮಧ್ಯಾಹ್ನ ನಾಲ್ಕು ಗಂಟೆ. ಸಾಲಾಗಿ ಇಪ್ಪತ್ತೆರಡು ಮಂಚ. ಬಿಳಿ ಚಾದರ, ಒಂದು ಸುಕ್ಕಿಲ್ಲ. ಮುದುಕರು ಮಂಚದ ಅಂಚಿನಲ್ಲಿ ಕೂತು ನನ್ನನ್ನೇ ನೋಡುತ್ತಿದ್ದರು. ಹೋಟೆಲಿನವನ ಚಾಳಿ, ಟೇಬಲ್ ಒರೆಸಿದ್ದಾರೋ ಇಲ್ಲವೋ ಅಂತ ಅಂಗೈ ಇಟ್ಟು ನೋಡುವುದು. ಹಾಗೆಯೇ ನಾಲ್ಕೈದು ಹಾಸಿಗೆಗೆ ಅಂಗೈ ಇಟ್ಟೆ. ಒಣ, ಗರಿಗರಿ. ಮೂಗಿನಲ್ಲಿ ಉಸಿರೆಳೆದು ನೋಡಿದೆ. ಮುದುಕರು ಇರುವಲ್ಲಿ ಒಂದು ವಾಸನೆ ಇರುತ್ತದಲ್ಲ, ಅದರ ಸುಳಿವೇ ಇಲ್ಲ. ಬಚ್ಚಲಿನ ನೆಲ ಕೂಡ ಒಣ. ಪ್ರತಿ ಮಂಚದ ಪಕ್ಕ ಒಂದು ಸಣ್ಣ ಸ್ಟೂಲು, ಅದರ ಮೇಲೆ ಒಂದೊಂದು ಸ್ಟೀಲ್ ಲೋಟ, ಕವುಚಿ ಇಟ್ಟದ್ದು, ಕನ್ನಡಿಯ ಹಾಗೆ ಹೊಳೆಯುವಂಥದ್ದು. ನನ್ನ ಕಣ್ಣು ತುಂಬಿಬಂತು ಅಂದರೆ ನಂಬಿ. ಲೋಟ ತೊಳೆದು ನೀರು ಬಸಿದು ಕವುಚಿ ಇಡುವುದನ್ನು ನಾನು ಎಷ್ಟು ಸಪ್ಲೈಯರ್‌ಗಳಿಗೆ ಬೈದು ಕಲಿಸಿದ್ದೇನೆ! ಒಬ್ಬನೂ ಇಷ್ಟು ಸಾಲಾಗಿ ಇಟ್ಟದ್ದಿಲ್ಲ.

ಕಿಟಕಿಯ ಪಕ್ಕದ ಮಂಚದಲ್ಲಿ ಒಬ್ಬ ಅಜ್ಜಿ ಕೂತಿದ್ದಳು. ಇಳಕಲ್ ಸೀರೆ, ಹಣೆಯ ಮೇಲೆ ಹಚ್ಚೆ. ಆಫೀಸಿನಲ್ಲಿ ಫೋನು ಹಿಡಿದ ಕಟ್ಟಿಯವರ ದೊಡ್ಡ ಗಂಟಲಿನ ಕನ್ನಡ ಕೇಳಿಸುತ್ತಿತ್ತು.

"ಕನ್ನಡದವ್ರೇನ್ರಿ ಯಣ್ಣಾ?" ಅಂದಳು.

"ಹೌದಮ್ಮ. ನೀವು?"

"ಬೈಲಹೊಂಗಲ ಕಡೀಕ್ರಿ. ನೀಲವ್ವ ಅಂತಾರ್ರಿ ನನಗ. ಇಲ್ಲಿ ಕನ್ನಡ ಮಾತಾಡೋರ ಇಲ್ರಿ, ಗ್ವಾಡಿ ಕೂಡ ಮಾತಾಡ್ತೀನಿ." ನಕ್ಕಳು. ತುಟಿ ಸೀಳಿತ್ತು, ನಗುವಾಗ ಕೈ ಅಡ್ಡ ಹಿಡಿದಳು. ಆಮೇಲೆ ನನ್ನ ಕೈ ಹಿಡಿದು, "ಯಣ್ಣಾ, ಒಂದೀಟು ನೀರ ಹೇಳ್ರಿ ಯಾರಿಗರ" ಅಂದಳು.

ನಾನು ಏನು ಹೇಳಿದೆ?

"ಬಂತು ಬಂತು" ಅಂದೆ.

ನಲವತ್ತು ವರ್ಷ ಗಿರಾಕಿಗೆ ಹೇಳಿದ ಮಾತು. ಒಳಗೆ ದೋಸೆ ಹೆಂಚಿಗೆ ಬೀಳದಿದ್ದರೂ ಹೊರಗೆ ಬಂತು ಬಂತು. ಬಾಯಿಯಿಂದ ತಾನಾಗಿ ಬರುತ್ತದೆ, ಮನಸ್ಸಿಗೆ ಗೊತ್ತೇ ಆಗುವುದಿಲ್ಲ. ಹೇಳಿ ತಿರುಗಿದೆ, ಯಾರಿಗಾದರೂ ಹೇಳೋಣ ಅಂತಲೇ ತಿರುಗಿದೆ. ಅಷ್ಟರಲ್ಲಿ ಮೇಡಂ "ಕಾಕಾ, ನಾಷ್ಟಾ ತಯಾರ್ ಆಹೇ" ಅಂತ ಕರೆದಳು. ಅನಾನಸ್ ಶಿರಾ ಮಾಡಿಸಿದ್ದಳು. ರವೆ ಹುರಿದ ಹದ ನೋಡಿ ನಾನು ಅಡುಗೆಯವಳನ್ನು ಕರೆಸಿ ಹೊಗಳಿದೆ, ತುಪ್ಪ ಯಾವಾಗ ಹಾಕಿದೆ, ಸಕ್ಕರೆ ಯಾವಾಗ ಹಾಕಿದೆ ಅಂತ ಕೇಳಿದೆ. ನೀಲವ್ವ ನನ್ನ ತಲೆಯಿಂದ ಹೋಗಿಯೇ ಬಿಟ್ಟಿದ್ದಳು.

"ಹೆಂಗ್ರಿ ಶೀನಣ್ಣಾರ? ಹತ್ತಕ್ಕ ಎಷ್ಟು?" ಅಂತ ಕೇಳಿದರು ಕಟ್ಟಿ.

"ಹತ್ತಕ್ಕೆ ಹತ್ತು ಹಾಕಿ ಮಾರಾಯ್ರೆ. ನನ್ನ ಹೋಟೆಲೂ ಇಷ್ಟು ಕ್ಲೀನ್ ಇಲ್ಲ."

ಹಸಿರು ಪೆನ್ನಿನಲ್ಲಿ ಹತ್ತು ಬರೆದರು. ಕೆಳಗೆ ನನ್ನ ಸಹಿ, ದುಂಡು ಕನ್ನಡದಲ್ಲಿ.

ಮರುದಿನ ಮಧ್ಯಾಹ್ನ ಮನೆಯಲ್ಲಿ ಊಟಕ್ಕೆ ಕೂತಾಗ ಎಲ್ಲರ ಮುಂದೆ ಅದನ್ನೇ ಹೇಳಿದೆ. ಸ್ನೇಹಲ್ ಆಗ ನರ್ಸಿಂಗ್ ಮೂರನೇ ವರ್ಷ. ಹೆಸರು ಮರಾಠಿಯದು, ಮಾತೂ ಅರ್ಧ ಮರಾಠಿ, ನನ್ನ ಜೊತೆಗೆ ಮಾತ್ರ ಕಷ್ಟಪಟ್ಟು ಕನ್ನಡ. ನಾನು ಲೋಟಗಳ ಸಾಲನ್ನು ಬಣ್ಣಿಸುತ್ತಿದ್ದೆ, ಅವಳು ತುತ್ತು ಕೆಳಗಿಟ್ಟಳು.

"ಅಜ್ಜಾ, ಕಿತೀ ವಾಜತಾ? ಎಷ್ಟು ಗಂಟೆ ಆಗಿತ್ತು?"

"ನಾಲ್ಕು."

"ಸಗಳೇ, ಎಲ್ಲ ಲೋಟ ಉಲ್ಟಾ? ಒಂದ್ರಲ್ಲೂ ನೀರು ಇಲ್ಲ?"

"ಇಲ್ಲ. ಅಷ್ಟು ನೀಟು!"

"ಜಗ್? ಬಾಟಲಿ?"

"ಎಂಥದ್ದೂ ಇಲ್ಲ ಅಂದೆನಲ್ಲ."

"ಬಾತ್‌ರೂಮ್ ಕೂಡ ಸುಕಾ, ಒಣ? ಅಜ್ಜಾ, ಅಲ್ಲಿ ಅಷ್ಟು ಸೆಕೆ ಅಂತೀಯ, ಬಾವೀಸ್, ಇಪ್ಪತ್ತೆರಡು ಜನ ಮುದುಕರು, ನಾಲ್ಕು ಗಂಟೆಗೆ ಒಬ್ಬರೂ ನೀರು ಕುಡಿದಿಲ್ಲ, ಒಬ್ಬರೂ ಬಾತ್‌ರೂಮ್ ಹೋಗಿಲ್ಲ?" ಅವಳು ನನ್ನ ಎಡಗೈ ಎಳೆದುಕೊಂಡು ಮೇಲಿನ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ಬಿಟ್ಟಳು. "ನೋಡು, ಮುದುಕರ ಚರ್ಮ ಸಡಿಲ, ಆದ್ರೂ ನಿಂದು ಕೂತ್ಕೊಳ್ತು. ನೀರಿಲ್ಲದೆ ಇದ್ರೆ ಟೆಂಟ್ ತರ ನಿಲ್ತದೆ. ತುಟಿ ಸೀಳ್ತದೆ. ಅವರು ಹಾಸಿಗೆ ಒದ್ದೆ ಆಗಬಾರದು ಅಂತ ನೀರೇ ಕೊಡ್ತಾ ಇಲ್ಲ, ಅಜ್ಜಾ. ನೀನು ಯಾರದ್ದಾದ್ರೂ ಕೈ ಹಿಡಿದ್ಯಾ?"

ಹಿಡಿದಿದ್ದೆ. ಅಂದರೆ, ಅವಳು ನನ್ನ ಕೈ ಹಿಡಿದಿದ್ದಳು. ತುಟಿಯನ್ನೂ ನೋಡಿದ್ದೆ. ಆಗ ನಾನು ಏನು ಮಾಡಬೇಕಿತ್ತು? ಆ ಊಟದಿಂದಲೇ ಎದ್ದು ಹೊರಡಬೇಕಿತ್ತು. ಕಡೆಗೆ ಒಂದು ಫೋನಾದರೂ ಮಾಡಬೇಕಿತ್ತು. ನಾನು ಮಾಡಿದ್ದು ಬೇರೆ. ಹದಿನೆಂಟು ಪುಸ್ತಕ ಓದಿದ್ದೇನೆ ಅಂತ ನನಗೆ ಕಲಿಸಲು ಬರಬೇಡ, ನೀನು ಹುಟ್ಟುವ ಮೊದಲೇ ನಾನು ಸಾವಿರ ಲೋಟ ನೋಡಿದ್ದೇನೆ ಅಂತ ಕೂಗಿದೆ. ಸೊಸೆ ವಿದ್ಯಾ ಪಲ್ಯದ ಪಾತ್ರೆ ಹಿಡಿದು ನಿಂತೇ ಇದ್ದಳು. ಸ್ನೇಹಲ್ ತಟ್ಟೆ ತೆಗೆದುಕೊಂಡು ಅಡುಗೆಮನೆಗೆ ಹೋಗಿ ಅಲ್ಲಿ ನೆಲದ ಮೇಲೆ ಕೂತು ಉಂಡಳು. ಆಮೇಲೆ ಎರಡು ದಿನ ನನ್ನ ಜೊತೆಗೆ ಊಟಕ್ಕೆ ಕೂರಲಿಲ್ಲ.

ನನ್ನ ಹೆಂಡತಿ ಶಾರದೆ ಆ ದಿನ ಒಂದೇ ಮಾತು ಹೇಳಿದಳು. "ನಿಮ್ಮ ಧಣಿಗಳು ನಿಮಗೆ ಮೊದಲು ಕಲಿಸಿದ್ದು ಎಂತದ್ದು?"

ನನ್ನ ಮೊದಲ ಹೋಟೆಲಿನ ಧಣಿ ಕಲಿಸಿದ್ದು, ಗಿರಾಕಿ ಕೂತ ಕೂಡಲೇ ನೀರಿಡು, ಆಮೇಲೆ ಏನು ಬೇಕು ಕೇಳು. ನೀರಿಡದೆ ಮಾತಾಡಿದವನಿಗೆ ಆ ದಿನ ಕೆಲಸ ಇಲ್ಲ. ನಾನೂ ನನ್ನ ಹೋಟೆಲಿನಲ್ಲಿ ಹಾಗೇ ನಡೆಸಿದವನು. ಅಲ್ಲಿ ಮಾತ್ರ ನಾನು ಗಿರಾಕಿಯಾಗಿ ಕೂತಿದ್ದೆ. ನನ್ನ ಲೋಟ ತುಂಬಿತ್ತು.

ಅಷ್ಟು ಗೊತ್ತಾದ ಮೇಲೂ ಶನಿವಾರ ಸುಮ್ಮನೆ ಕಳೆದೆ. ಭಾನುವಾರ ಮಂಡಳಿಯ ಸಭೆ. ಕಟ್ಟಿಯವರು ಎದ್ದು ನಿಂತು ವರದಿ ಓದಿದರು, ಹತ್ತಕ್ಕೆ ಹತ್ತು. ಚಪ್ಪಾಳೆ. ಎಲ್ಲರೂ ನನ್ನ ಕಡೆ ತಿರುಗಿ ನಕ್ಕರು. ನಾನು ಕೈಮುಗಿದೆ. ಕೂತುಕೊಂಡೇ ಕೈಮುಗಿದೆ.

ಸಭೆ ಮುಗಿದು ಹೊರಗೆ ಮಳೆಯಲ್ಲಿ ಕೊಡೆ ಬಿಡಿಸುವಾಗ ಕಟ್ಟಿಯವರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು.

"ನಾನೂ ಆಫೀಸಿನ್ಯಾಗ ಫ್ಯಾನಿನ ಕೆಳಗ ಕುಂತು ಬರದೆ ನೋಡ್ರಿ" ಅಂದರು. "ನಾಳೆ ನಸುಕಿನ್ಯಾಗ ಹೋಗೋಣ. ಹೇಳದ, ಕೇಳದ."

ಸೋಮವಾರ ಹೋದೆವು. ರಂಗೋಲಿ ಇರಲಿಲ್ಲ. ಲೋಟಗಳು ಇದ್ದವು, ಕವುಚಿ, ಸಾಲಾಗಿ. ಕಿಟಕಿಯ ಪಕ್ಕದ ಮಂಚದ ಹಾಸಿಗೆ ಸುತ್ತಿ ಇಟ್ಟಿತ್ತು.

ನೆಲ ಒರೆಸುವ ಹೆಂಗಸು ಮರಾಠಿಯಲ್ಲಿ ಹೇಳಿದಳು, ನೀಲವ್ವ ಶನಿವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ತಾನೇ ಎದ್ದು ಹಿಂದಿನ ನಲ್ಲಿಯ ಹತ್ತಿರ ಹೋಗಿದ್ದಾಳೆ. ತಲೆ ತಿರುಗಿ ಬಿದ್ದಿದ್ದಾಳೆ. ತೊಡೆಯ ಕೀಲು ಮುರಿದಿದೆ. ಕೈಯಲ್ಲಿ ಲೋಟ ಹಿಡಿದೇ ಬಿದ್ದಿದ್ದಳಂತೆ.

ಶನಿವಾರ. ಶುಕ್ರವಾರ ಮಧ್ಯಾಹ್ನ ನನಗೆ ಗೊತ್ತಾಗಿತ್ತು.

ಆಸ್ಪತ್ರೆಯಲ್ಲಿ ಅವಳ ಕೈಗೆ ಸಲೈನ್ ಹಾಕಿದ್ದರು. ನನ್ನನ್ನು ನೋಡಿ ಗುರುತು ಹಿಡಿದಳು. ಬೈದಿದ್ದರೆ ಎಷ್ಟೋ ಸಲೀಸಾಗುತ್ತಿತ್ತು. ಬೈಯಲಿಲ್ಲ.

"ನೀವು ಬಂತು ಅಂದ್ರಿ" ಅಂದಳು. "ಆವತ್ತು ನಿಮ್ಮ ದಾರಿ ನೋಡ್ದೆ. ಮರುದಿನಾನೂ ನೋಡ್ದೆ, ಕನ್ನಡದವ್ರು ಸುಳ್ಳು ಹೇಳಂಗಿಲ್ಲ ಅಂತ. ಮೂರನೇ ದಿನ ನಾನ ಎದ್ದೆ ಯಣ್ಣಾ."

ಕಟ್ಟಿ ಸಾಹೇಬರು ಗೋಡೆಯ ಕಡೆ ತಿರುಗಿ ನಿಂತರು. ಮೇಜಿನ ಮೇಲೆ ಲೋಟವಿತ್ತು, ಜಗ್ಗಿನಲ್ಲಿ ನೀರಿತ್ತು. ಆಸ್ಪತ್ರೆಯ ಸಿಸ್ಟರನ್ನು ಕೇಳಿ ಲೋಟ ತುಂಬಿಸಿ ಅವಳ ತುಟಿಗೆ ಹಿಡಿದೆ. ಅವಸರದಲ್ಲಿ ಹೆಚ್ಚು ಬಗ್ಗಿಸಿದೆ, ಅರ್ಧ ಅವಳ ಕೊರಳಿಗೆ ಹರಿಯಿತು. "ಹಾಸಿಗಿ ಒದ್ದಿ ಆತು, ಬೈತಾರ" ಅಂದಳು ಹೆದರಿ.

ಅದನ್ನು ಕೇಳಿದ ಮೇಲೆ ಮೇಡಂ ಮೇಲೆ ಸಿಟ್ಟು ಬಂತು. ಹೋಗಿ ಕೂಗಾಡಿದೆ. ಅವಳು ಅಳಲಿಲ್ಲ, ಎದುರು ವಾದ ಮಾಡಲೂ ಇಲ್ಲ. ಇಪ್ಪತ್ತೆರಡು ಮಂದಿಗೆ ಇಬ್ಬರೇ ಹೆಂಗಸರು ಕಾಕಾ, ಅಂದಳು. ಎತ್ತಿ ಬಚ್ಚಲಿಗೆ ಕರೆದೊಯ್ಯಲು ಆಗುವುದಿಲ್ಲ, ಊಟದ ಹೊತ್ತು ಬಿಟ್ಟು ನೀರು ಕಡಿಮೆ ಮಾಡಿದೆವು, ತಪ್ಪೇ. ಆಮೇಲೆ ನಾವು ಅಲ್ಲಿಗೆ ಬರೆದುಕೊಟ್ಟಿದ್ದ ಫಾರ್ಮಿನ ಪ್ರತಿ ತೆಗೆದು ನಮ್ಮ ಮುಂದೆ ಇಟ್ಟಳು.

"ಇದರಲ್ಲಿ ಹಾಸಿಗೆ ಒಣಗಿದೆಯಾ ಅಂತ ಇದೆ. ವಾಸನೆ ಇಲ್ಲವಾ ಅಂತ ಇದೆ. ನೀರು ಕುಡಿದರಾ ಅಂತ ಎಲ್ಲಿದೆ? ನೀವು ಪ್ರತಿ ವರ್ಷ ಬಂದು ಹಾಸಿಗೆ ಮುಟ್ಟಿ ನೋಡ್ತೀರಿ. ನಾವು ಹಾಸಿಗೆ ಒಣ ಇಡ್ತೀವಿ."

ಅವಳ ತಪ್ಪು ಅವಳದ್ದೇ, ಅದನ್ನು ನಾನು ಈಗಲೂ ಬಿಡುವುದಿಲ್ಲ. ಆದರೆ ಆ ಫಾರ್ಮು ಎಳೆದುಕೊಂಡು ಮೇಲಿಂದ ಕೆಳಗೆ ಓದಿದೆ. ಹಸಿರು ಹತ್ತು ಅಂಕದ ಕೆಳಗೆ ನನ್ನ ದುಂಡು ಸಹಿ ಇತ್ತು.

ಮುಂದಿನ ಭಾನುವಾರ ಮಂಡಳಿಯಲ್ಲಿ ನಾನೇ ಎದ್ದೆ. ಬರೆದು ತಂದಿದ್ದೆ, ಬರೆದದ್ದು ಓದಲು ಬರಲಿಲ್ಲ, ಅಕ್ಷರ ಎಲ್ಲ ಕಲಸಿ ಹೋಯಿತು. ಹಾಗೇ ಹೇಳಿದೆ. ಇಂಥ ದಿನ ಅಲ್ಲಿ ಶಿರಾ ತಿಂದೆ, ಎರಡು ಲೋಟ ನೀರು ಕುಡಿದೆ, ನೀರು ಕೇಳಿದವಳಿಗೆ ಬಂತು ಅಂದು ಬಂದೆ, ಮೊಮ್ಮಗಳು ತಿಳಿಸಿ ಹೇಳಿದರೆ ಅವಳಿಗೇ ಬೈದೆ, ಇದೇ ಕುರ್ಚಿಯಲ್ಲಿ ಕೂತು ನಿಮ್ಮ ಚಪ್ಪಾಳೆ ತೆಗೆದುಕೊಂಡೆ. ನನ್ನ ಸಹಿ ವಾಪಸು ಕೊಡಿ ಅಂದೆ. ಹಿಂದಿನ ಸಾಲಿನಲ್ಲಿ ಯಾರೋ, "ಶೀನಣ್ಣನ ಹೋಟೆಲಲ್ಲೂ ಬಂತು ಬಂತು ಅಂತ ಅರ್ಧ ಗಂಟೆ ಮಾಡ್ತಾರೆ" ಅಂತ ನಕ್ಕ. ನಾಲ್ಕು ಜನ ನಕ್ಕರು. ನಾನು ತಲೆ ತಗ್ಗಿಸಿ ನಿಂತೆ. ನಗಲಿ ಅನಿಸಿತು. ಕೊನೆಯ ಸಾಲಿನಲ್ಲಿ ಸ್ನೇಹಲ್ ನಿಂತಿದ್ದಳು, ಆಸ್ಪತ್ರೆಯ ಡ್ಯೂಟಿಯಿಂದ ನೇರ ಬಂದು, ಬ್ಯಾಗು ಬೆನ್ನಿಗೆ ಹಾಕಿಕೊಂಡು. ಅವಳು ನಗಲಿಲ್ಲ.

ಆಮೇಲೆ ಫಾರ್ಮು ಬದಲಾಯಿತು. ಸ್ನೇಹಲ್ ಹೇಳಿದಳು, ಕಟ್ಟಿಯವರು ಬರೆದರು. ಮಧ್ಯಾಹ್ನ ನಾಲ್ಕಕ್ಕೆ, ಹೇಳದೆ ಹೋಗಬೇಕು. ಲೋಟದ ಬಾಯಿ ಮೇಲಿದೆಯಾ, ಒಳಗೆ ನೀರಿದೆಯಾ, ಕೈಗೆ ಎಟಕುತ್ತದಾ. ತುಟಿ ನೋಡಬೇಕು. ಒದ್ದೆ ಹಾಸಿಗೆ ಇದ್ದರೆ ಎಷ್ಟು ಹೊತ್ತಿನಲ್ಲಿ ಬದಲಾಯಿಸುತ್ತಾರೆ ಅಂತ ಕೂತು ನೋಡಬೇಕು. ಅಲ್ಲಿ ಊಟ ಮಾಡುವುದಾದರೆ ಅವರ ಪಂಕ್ತಿಯಲ್ಲಿ ಅವರ ಜೊತೆ. ಅಕ್ಕಿ ಬೇಳೆಯ ಜೊತೆಗೆ ಮೂರು ಹೆಂಗಸರ ಸಂಬಳದ ಹೊಣೆಯನ್ನೂ ಮಂಡಳಿ ಹೊತ್ತಿತು. ಕೊನೆಗೆ ಒಬ್ಬ ನರ್ಸ್ ಬೇಕು ಅಂತ ಆಶ್ರಮದವರೇ ಕೇಳಿದರು.

ನೀಲವ್ವ ಬದುಕಿದಳು. ನಡೆಯುವುದಿಲ್ಲ. ಗಾಲಿ ಕುರ್ಚಿಯಲ್ಲಿ ಕಿಟಕಿಯ ಪಕ್ಕ ಕೂರುತ್ತಾಳೆ. ನಾನು ತಿಂಗಳಿಗೊಮ್ಮೆ ಬಸ್ಸು ಹತ್ತಿ ಹೋಗುತ್ತೇನೆ, ಸ್ನೇಹಲ್‌ಗೆ ರಜೆ ಇದ್ದರೆ ಅವಳೂ ಬರುತ್ತಾಳೆ. ನನ್ನನ್ನು ಕಂಡ ಕೂಡಲೇ ನೀಲವ್ವ ಹಾಲ್‌ಗೆಲ್ಲ ಕೇಳುವ ಹಾಗೆ, "ಬಂತು ಬಂತು ಯಣ್ಣ ಬಂದ್ರು ನೋಡ್ರಿ!" ಅಂತ ಕೂಗುತ್ತಾಳೆ. ಕನ್ನಡ ಬಾರದ ಮುದುಕಿಯರೂ ಈಗ "ಬಂತು ಬಂತು" ಅಂತಾರೆ. ಎಲ್ಲರೂ ನಗುತ್ತಾರೆ. ಅವಳಿಗೆ ಅದು ತಮಾಷೆ. ನನಗೆ ಎರಡು ವರ್ಷದಲ್ಲಿ ಒಮ್ಮೆಯೂ ನಗಲು ಆಗಿಲ್ಲ. ಅವಳ ಕಾಲಿನ ಕಡೆ ನೋಡದೆ ಲೋಟ ತುಂಬಿಸುತ್ತೇನೆ.

ಇವತ್ತು ಸಂಜೆ ಊಟಕ್ಕೆ ಎಲ್ಲರೂ ಸೇರಿದೆವು. ಗಣೇಶ ಹೋಟೆಲಿನ ಬಾಗಿಲು ಬೇಗ ಎಳೆದು ಬಂದ, ವರ್ಷಕ್ಕೆ ಎರಡೇ ಸಲ ಮಾಡುವ ಕೆಲಸ ಅದು. ಕಟ್ಟಿ ಸಾಹೇಬರನ್ನೂ ಕರೆದಿದ್ದೆವು, ಮೂರು ಪೆನ್ನಿನ ಸಮೇತ ಬಂದರು. ಶಾರದೆ ಬಾಳೆಲೆ ಹಾಕಿದಳು. ಗುಳ್ಳ ಬದನೆಯ ಹುಳಿ, ಕಡಲೆಬೇಳೆ ಪಾಯಸ, ಸ್ನೇಹಲ್‌ಗೆ ಇಷ್ಟದ ಪೂರಿ. ಕುಲಕರ್ಣಿ ವಹಿನಿ ಹೇಳಿದ ಮಾತನ್ನು ನಾನು ಎಲ್ಲರ ಮುಂದೆ ಹೇಳಿದೆ, ಹೂಂ ಅಂದದ್ದನ್ನೂ ಹೇಳಿದೆ. ನಾಳೆ ಹೋಗಿ ವಹಿನಿಗೆ ನಿಜ ಹೇಳುತ್ತೇನೆ ಅಂದೆ.

"ಅರೇ ಅಜ್ಜಾ, ಜಾವೂ ದೇ, ಬಿಡು" ಅಂದಳು ಸ್ನೇಹಲ್. ನಾನು ತಲೆ ಅಲ್ಲಾಡಿಸಿದೆ. ಅವಳು ನನ್ನ ಮುಖ ನೋಡಿ, "ಬರ, ಆಯ್ತು. ಹೇಳು" ಅಂದಳು.

"ನಿನಗೆ ಅಲ್ಲಿ ಕನ್ನಡ ಮಾತಾಡ್ಲಿಕ್ಕೆ ಆಗ್ತದಾ ಹುಡುಗಿ?" ಅಂತ ಶಾರದೆ ಕೇಳಿದಳು.

"ನೀಲವ್ವಜ್ಜಿ ಕಲಿಸ್ತಾಳೆ. ಧಾರವಾಡ ಸ್ಟೈಲ್."

"ಬೈಲಹೊಂಗಲ ಸ್ಟೈಲ್ ಅನ್ನು!" ಅಂತ ಕಟ್ಟಿಯವರು ಗದರಿದರು. "ನಮ್ಮದು ಬ್ಯಾರೇನ ಅದ."

ಎಲೆಗಳ ಪಕ್ಕ ಲೋಟಗಳಿದ್ದವು. ಶಾರದೆಯ ಹಳೆಯ ರೂಢಿ, ಧೂಳು ಬೀಳಬಾರದು ಅಂತ ಕವುಚಿಯೇ ಇಡುತ್ತಾಳೆ. ನಾನು ತಂಬಿಗೆ ಹಿಡಿದು ಎದ್ದೆ. ಒಂದೊಂದನ್ನೇ ಬಾಯಿ ಮೇಲೆ ಮಾಡಿ ತುಂಬಿಸುತ್ತ ಬಂದೆ. ಕಟ್ಟಿಯವರದ್ದು, ಗಣೇಶನದ್ದು, ವಿದ್ಯಾಳದ್ದು, ಶಾರದೆಯದ್ದು. ಅನ್ನಕ್ಕೆ ಯಾರೂ ಕೈ ಹಾಕಲಿಲ್ಲ, ಕಾಯುತ್ತಿದ್ದರು. ಕೊನೆಯಲ್ಲಿ ಕೂತ ಸ್ನೇಹಲ್ ಖಾಲಿ ಲೋಟ ಎತ್ತಿ ಹಿಡಿದು, "ಅಜ್ಜಾ, ನೀರು" ಅಂದಳು.

ಹಳೆಯ ಮಾತು ನಾಲಿಗೆಯ ತುದಿಗೆ ಬಂತು. ಅದನ್ನು ಅಲ್ಲೇ ನುಂಗಿದೆ. ಹತ್ತಿರ ಹೋಗಿ, ಬಗ್ಗಿ, ಅವಳ ಲೋಟ ತುಂಬಿಸಿದೆ. ಅವಳು ಕುಡಿದು ಕೆಳಗಿಡುವವರೆಗೂ ತಂಬಿಗೆ ಹಿಡಿದು ನಿಂತೆ. ಆಮೇಲೆ ಅವಳು ಸರಿದು ತನ್ನ ಪಕ್ಕದಲ್ಲಿ ಜಾಗ ಮಾಡಿದಳು, ನಾನೂ ಕೂತು ಉಂಡೆ.